ದೇವರು ಮೆಚ್ಚಿದ ಹೆಣ್ಣು

ಗ್ರೀಕರ ಪುರಾಣದಲ್ಲಿ ದೇವರು ಮೆಚ್ಚಿದ ಹೆಣ್ಣು ಸುಖವಾಗಿ ಬಾಳಿದ್ದು ಅಪರೂಪ. ನಮ್ಮ ಕಡೆ ‘ದೇವರು ಕಣ್ಣುಬಿಟ್ಟ’ ಎಂದರೆ ಕಷ್ಟ ತೀರಿತೆಂದು ಅರ್ಥ. ಅಲ್ಲಿ ಅದೇ ಮಾತಿಗೆ ಕಷ್ಟ ಮೊದಲಾಯಿತೆಂದು ಅರ್ಥ ಹೇಳಬೇಕಾಗುತ್ತದೆ.

ಝ್ಯೂಸನ ಕಣ್ಣು ಇಯೊ ಎಂಬುವಳ ಮೇಲೆ ಬಿತ್ತು. ಪಾಪ, ಅವಳು ಆಕಳಾಗಿ, ನೊಣದ ಕಡಿತ ತಾಳಲಾರದೆ ಈಜಿಪ್ಟಿನವರೆಗೂ ಓಡಿದಳು. ಸೆಮೆಲೆ ‘ನಿನ್ನ ನಿಜರೂಪ ತೋರು’ ಎಂದು ಅವನನ್ನೇ ಬೇಡಿ, ಅವನ ಸಿಡಿಲಿನಲ್ಲಿ ಸುಟ್ಟುಹೋದಳು. ಟ್ರಾಯ್ ನಗರದ ರಾಜಪುತ್ರಿ ಕಸಾಂಡ್ರ ಅಪೊಲೊನಿಂದ ಭವಿಷ್ಯ ನುಡಿಯುವ ವರ ಪಡೆದು, ಅವನನ್ನು ಮಾತ್ರ ಒಲ್ಲೆನೆಂದಳು. ಅವಳ ನುಡಿಯನ್ನು ಯಾರೂ ನಂಬದಂತೆ ಅವನು ಮಾಡಿದ. ಕ್ರಿ. ಪೂ. 458ರಲ್ಲಿ ಆಡಿದ ಈಸ್ಕಿಲಸನ ‘ಅಗಮೆಮ್ನಾನ್’ ನಾಟಕದಲ್ಲಿ ಆಕೆ ತನ್ನ ಸಾವನ್ನು ತಾನೇ ಮುಂಚಿತವಾಗಿ ಹೇಳಿ, ಆ ಬಾಗಿಲೊಳಗೆ ನಡೆದುಹೋಗುತ್ತಾಳೆ.

ಈ ಸಾಲಿನಲ್ಲಿ ನನಗೆ ಬಹಳ ಮೆಚ್ಚಿಗೆಯಾದವಳು ಮಾರ್ಪೆಸ್ಸ. ಅವಳನ್ನು ಇಡಾಸ್ ಎಂಬ ವೀರ ರಥದಲ್ಲಿ ಹೊತ್ತೊಯ್ದ. ಅವನೂ ಅವಳನ್ನು ಕೇಳಿ ಕರೆದೊಯ್ದವನಲ್ಲ. ಅಪೊಲೊ ಅಡ್ಡಬಂದ. ಮನುಷ್ಯಮಾತ್ರನಾದ ಇಡಾಸ್ ದೇವರ ಮೇಲೆ ಬಿಲ್ಲೆತ್ತಿದನೆಂದು ‘ಇಲಿಯಡ್’ನ ಒಂಬತ್ತನೆಯ ಸರ್ಗದಲ್ಲಿಯೇ ಉಂಟು. ಆಗ ಝ್ಯೂಸ್ ನಡುವೆ ಬಂದು, ಇಬ್ಬರಿಗೂ ತೋಚದಿದ್ದ ಕೆಲಸವೊಂದನ್ನು ಮಾಡಿದ: ತೀರ್ಮಾನವನ್ನು ಹೆಣ್ಣಿಗೇ ಬಿಟ್ಟ. ಅವಳು ಇಡಾಸನನ್ನು ಆರಿಸಿಕೊಂಡಳು. ತನಗೆ ಮುಪ್ಪು ಬಂದಾಗ ಮುಪ್ಪಿಲ್ಲದ ದೇವರು ಕೈಬಿಟ್ಟಾನೆಂಬುದೇ ಅವಳ ಭಯ.

ಕನಕದಾಸರ ‘ನಳಚರಿತ್ರೆ’ಯ ಪಾಠದ ನಡುವೆ ಈ ಕಥೆ ಹೇಳಿದಾಗ, “ಇಷ್ಟೇನೆ ಸಾರ್ ಕಾರಣ?” ಎಂದು ಹುಡುಗನೊಬ್ಬ ಮೂಗು ಮುರಿದ. ದಮಯಂತಿಯೂ ನಾಲ್ವರು ದೇವತೆಗಳನ್ನು ಬಿಟ್ಟು ನಳನಿಗೆ ಮಾಲೆ ಹಾಕಿದವಳಲ್ಲವೆ? ವ್ಯಾಸಭಾರತದಲ್ಲಿ ಅವಳು ನಳನನ್ನು ಗುರುತಿಸಿದ್ದು ಮೈಯ ಬೆವರು, ಧೂಳು, ಬಾಡಿದ ಹೂಮಾಲೆ, ರೆಪ್ಪೆ ಬಡಿಯುವ ಕಣ್ಣು ಇವುಗಳಿಂದ. ಇಪ್ಪತ್ತರ ಹುಡುಗನಿಗೆ ಇವೆಲ್ಲ ಕೊರತೆಗಳಾಗಿ ಕಂಡರೆ ಆಶ್ಚರ್ಯವಿಲ್ಲ.

ನಲವತ್ತು ದಾಟಿದ ನನಗೆ ಹಾಗೆ ಕಾಣುವುದಿಲ್ಲ. ನನಗೂ ನನ್ನ ಹೆಂಡತಿಗೂ ಒಂದೇ ವರ್ಷ ಚಾಳೀಸು ಬಂತು. ಒಬ್ಬರ ಕನ್ನಡಕ ಕಾಣದಿದ್ದರೆ ಇನ್ನೊಬ್ಬರದರಲ್ಲಿ ಪತ್ರಿಕೆ ಓದಿಕೊಳ್ಳುತ್ತೇವೆ. ಸೂಜಿಗೆ ದಾರ ಪೋಣಿಸಲು ಅವಳಿಗೆ ಆಗದಿದ್ದರೆ ನನ್ನ ಕೈಗೆ ಕೊಡುತ್ತಾಳೆ, ನನಗೂ ಆಗುವುದಿಲ್ಲ, ಇಬ್ಬರೂ ನಗುತ್ತೇವೆ. ಎಂದೆಂದಿಗೂ ಹರೆಯದವನಾದ ಅಪೊಲೊ ಎದುರಿಗೆ ಕುಳಿತಿದ್ದರೆ ಅವಳಿಗೆ ನಗು ಬರುತ್ತಿತ್ತೆ?

ಮಾರ್ಪೆಸ್ಸಳಿಗೆ ಇಂಥ ಮುಪ್ಪು ದಕ್ಕಲಿಲ್ಲ. ಮುಂದೆ ಒಂದು ಜಗಳದಲ್ಲಿ ಇಡಾಸ್ ಝ್ಯೂಸನ ಸಿಡಿಲಿಗೇ ಬಲಿಯಾದ. ಗಂಡನ ಹಿಂದೆ ಅವಳೂ ಪ್ರಾಣಬಿಟ್ಟಳೆಂದು ಪಾಸೇನಿಯಸ್ ಎಂಬ ಪ್ರವಾಸಿ ಬರೆದಿದ್ದಾನೆ. ಆಯ್ಕೆಯನ್ನು ಕೊಟ್ಟ ದೇವರೇ ಅದರ ಫಲವನ್ನು ಕಸಿದುಕೊಂಡ. ಆದರೂ ಅವಳ ಲೆಕ್ಕ ತಪ್ಪಿತೆಂದು ನಾನು ಹೇಳಲಾರೆ. ಜೊತೆಯಲ್ಲೇ ಮುದುಕರಾಗೋಣವೆಂದು ಮಾತು ಕೊಡುವುದು ಯಾವ ಮನುಷ್ಯನ ಕೈಯಲ್ಲೂ ಇಲ್ಲ. ಹಾಗಾಗಲಿ ಎಂದು ಹೆಂಡತಿಯೊಡನೆ ಕೂಡಿ ಹಾರೈಸಬಲ್ಲ, ಅಷ್ಟೆ. ದೇವರಿಗೆ ಅಷ್ಟೂ ಸಾಧ್ಯವಿಲ್ಲ.