ಮ್ಯಾಗಿಗೆ ಸಿಗದ ಯೂಕ್ಲಿಡ್

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಅನಾಥ ಹುಡುಗರು, ಬಡ ಶಿಕ್ಷಕಿಯರು, ಜಂಬದ ಜಮೀನುದಾರರು ಬೇಕಾದಷ್ಟು ಸಿಗುತ್ತಾರೆ. ಮಕ್ಕಳ ಓದಿನ ಚಿಂತೆಯಲ್ಲಿರುವ ತಂದೆ ತಾಯಿಯರು ಮಾತ್ರ ಮೊದಲು ಓದಬೇಕಾದದ್ದು ಜಾರ್ಜ್ ಎಲಿಯಟ್ 1860ರಲ್ಲಿ ಪ್ರಕಟಿಸಿದ ‘ದಿ ಮಿಲ್ ಆನ್ ದಿ ಫ್ಲಾಸ್’. ಹೆಸರು ಗಂಡಸಿನದು, ಬರೆದಾಕೆ ಮೇರಿ ಆ್ಯನ್ ಇವಾನ್ಸ್ ಎಂಬ ಮಹಿಳೆ.

ನದೀತೀರದ ಗಿರಣಿಯ ಮಾಲೀಕ ಟಲಿವರ್‌ಗೆ ಇಬ್ಬರು ಮಕ್ಕಳು. ಮಗ ಟಾಮ್‌ಗೆ ಪುಸ್ತಕ ಕಂಡರಾಗದು. ಮಗಳು ಮ್ಯಾಗಿಗೆ ಪುಸ್ತಕವೇ ಪ್ರಾಣ. ಮಗಳ ಮೇಲೆ ತಂದೆಗೆ ಬಹಳ ಮಮತೆ. ಆದರೂ ಬುದ್ಧಿ ಹೋಗಿ ಹೋಗಿ ಹುಡುಗಿಗೆ ಬಂತಲ್ಲ ಎಂಬ ಕೊರಗು. ಹೆಚ್ಚು ಚುರುಕಿಲ್ಲದವಳೆಂದೇ ಆರಿಸಿ ಮದುವೆಯಾಗಿದ್ದ ಪುಣ್ಯಾತ್ಮ. ಆ ಮಂದತನ ಮಗನ ಪಾಲಿಗೆ ಬಂದಿತೆಂದು ಅವನ ಲೆಕ್ಕ! (ಮೆಂಡೆಲ್‌ನ ಬಟಾಣಿ ಗಿಡಗಳ ಲೆಕ್ಕ ಅಚ್ಚಾದದ್ದು ಇನ್ನೂ ಆರು ವರ್ಷಗಳ ಮೇಲೆ, 1866ರಲ್ಲಿ. ಬುದ್ಧಿಯ ಲೆಕ್ಕ ಬಟಾಣಿಯಷ್ಟು ಸರಳವಲ್ಲ, ಅದು ಬೇರೆ ಮಾತು.)

ಟಾಮ್‌ನನ್ನೇ ಓದಿಸುವ ಹಟವೇಕೆ? ನೀರಿನ ವ್ಯಾಜ್ಯಗಳಲ್ಲಿ ಬೆಂದಿದ್ದ ಟಲಿವರ್‌ಗೆ ಮಗ ವಕೀಲರ ಸರಿಸಮಕ್ಕೆ ನಿಂತು ಮಾತಾಡಬೇಕೆಂಬ ಆಸೆ. ಅದಕ್ಕೆ ದೊಡ್ಡಮನುಷ್ಯರ ಮಕ್ಕಳ ವಿದ್ಯೆಯೇ ಆಗಬೇಕು. ಪಾದ್ರಿ ಸ್ಟೆಲ್ಲಿಂಗ್ ಅವರಲ್ಲಿ ಎಲ್ಲ ಹುಡುಗರಿಗೂ ಒಂದೇ ಔಷಧ: ಲ್ಯಾಟಿನ್ ವ್ಯಾಕರಣ, ಯೂಕ್ಲಿಡ್‌ನ ರೇಖಾಗಣಿತ. ತಲೆಗೆ ಹತ್ತದಿದ್ದರೆ ಅದನ್ನೇ ಇನ್ನಷ್ಟು. ಗುರಿಯಿಟ್ಟು ಕಲ್ಲೆಸೆಯಬಲ್ಲ, ನಾಯಿ ಕುದುರೆಗಳ ಸ್ವಭಾವ ಬಲ್ಲ ಹುಡುಗ ಅಲ್ಲಿ ದಡ್ಡನಾದ. ಅವಮಾನದಿಂದ ಕುಗ್ಗಿ ಅವನು ಹಿಂದೆಂದೂ ಇಲ್ಲದಷ್ಟು ಹೆಣ್ಣುಮಗುವಿನಂತಾದ ಎನ್ನುತ್ತಾಳೆ ಲೇಖಕಿ. ಇಡೀ ಕಾದಂಬರಿಯಲ್ಲೇ ಹರಿತವಾದ ಮಾತು ಇದು. ಟಾಮ್‌ಗೆ ಹೊಸದಾದ ಆ ಕುಗ್ಗುವಿಕೆ ಹುಡುಗಿಯರಿಗೆ ದಿನನಿತ್ಯದ್ದು.

ಅಣ್ಣನನ್ನು ನೋಡಲು ಬಂದ ಮ್ಯಾಗಿ, ಹೇಳಿಕೊಟ್ಟರೆ ತಾನೂ ಯೂಕ್ಲಿಡ್ ಕಲಿಯಬಹುದಲ್ಲವೇ ಎಂದು ಕೇಳುತ್ತಾಳೆ. ಹುಡುಗಿಯರು ಚುರುಕು, ಆದರೆ ಆಳವಿಲ್ಲ ಎಂದು ಪಾದ್ರಿಯ ತೀರ್ಪು. ಟಾಮ್‌ಗೆ ಖುಷಿಯೋ ಖುಷಿ, ಪಾಪ, ಅವನಿಗೆ ಗೆಲ್ಲಲು ಬೇರೇನಿತ್ತು?

ಮುಂದೆ ವ್ಯಾಜ್ಯ ಸೋತು ಮನೆಯೇ ಮುಳುಗಿತು. ಕೆಲಸ ಕೇಳಿಕೊಂಡು ಹೋದ ಟಾಮ್‌ಗೆ ವ್ಯಾಪಾರಿಯಾದ ಬಂಧು ಡೀನ್ ಕೇಳಿದ್ದು ಲೆಕ್ಕಪತ್ರ ಬರೆಯಲು ಬರುತ್ತದೆಯೇ ಎಂದು. ಅಷ್ಟು ಹಣ ಸುರಿದು ಕಲಿಸಿದ ವಿದ್ಯೆಯಲ್ಲಿ ಅದೊಂದು ಇರಲಿಲ್ಲ. ಮ್ಯಾಗಿ ಪೇಟೆಯಿಂದ ಹೊಲಿಗೆ ಕೆಲಸ ತಂದರೆ ಅಣ್ಣನಿಗೆ ಸಿಟ್ಟು. ತಂಗಿ ಕೂಲಿಗೆ ಹೊಲಿದರೆ ಮನೆತನದ ಮರ್ಯಾದೆ ಏನಾಗಬೇಕು? ಅವನು ಬಿಸುಟ ಯೂಕ್ಲಿಡ್, ಲ್ಯಾಟಿನ್ ಪುಸ್ತಕಗಳನ್ನು ಅವಳು ಒಬ್ಬಳೇ ಕೂತು ಓದಲು ತೊಡಗಿದಳು. ಕೇಳಿಸಿಕೊಳ್ಳುವವರಿಲ್ಲ, ತಿದ್ದುವವರಿಲ್ಲ. ಆ ಹುರುಪು ಬಹುಕಾಲ ಉಳಿಯಲಿಲ್ಲ.

ಕಾದಂಬರಿಯ ಹೊರಗೆ ಕಾಲ ಸ್ವಲ್ಪ ಸರಿಯಿತು. 1869ರಲ್ಲಿ ಹೆಣ್ಣುಮಕ್ಕಳಿಗಾಗಿ ಗರ್ಟನ್ ಕಾಲೇಜು ಆರಂಭವಾಯಿತು. ಎಲಿಯಟ್ ತೀರಿಕೊಂಡ 1880ರಲ್ಲೇ ಅಲ್ಲಿನ ಷಾರ್ಲೆಟ್ ಸ್ಕಾಟ್ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎಂಟನೆಯ ಸ್ಥಾನಕ್ಕೆ ಸಮನಾದ ಅಂಕ ಪಡೆದಳು. ಆದರೆ ರ್‍ಯಾಂಕ್ ಪಟ್ಟಿಯಲ್ಲಿ ಹೆಣ್ಣಿನ ಹೆಸರಿಗೆ ಜಾಗವಿರಲಿಲ್ಲ. ಪಟ್ಟಿ ಓದುವಾಗ ಅವಳ ಹೆಸರನ್ನು ಕೂಗಿದವರು ಅಲ್ಲಿ ನೆರೆದಿದ್ದ ಹುಡುಗರು. ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಷಾರ್ಲೆಟ್ ಅಷ್ಟು ಕಾಯಲಿಲ್ಲ. ಲಂಡನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, 1885ರಲ್ಲಿ ಅಮೆರಿಕದ ಬ್ರಿನ್ ಮಾರ್ ಮಹಿಳಾ ಕಾಲೇಜಿಗೆ ಗಣಿತ ಕಲಿಸಲು ಹೋದಳು.