ಸಾಲ ವಸೂಲಿಗೆ ಹೋದವನು

ಕಾಲೇಜಿಗೆ ಹೋಗುವ ಮಗ 'ರೆಡ್ ಡೆಡ್ ರಿಡೆಂಪ್ಶನ್ 2' ಎಂಬ ವಿಡಿಯೋ ಗೇಮ್ ಆಡುತ್ತಿದ್ದಾಗ ಬೈಯಲೆಂದು ಹೋದವನು ಪಕ್ಕದಲ್ಲೇ ಕುಳಿತುಬಿಟ್ಟೆ. 2018ರಲ್ಲಿ ಬಂದ ಈ ಆಟದ ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ನಾಯಕ ಆರ್ಥರ್ ಮಾರ್ಗನ್ ದರೋಡೆಕೋರ. ಅವನ ತಂಡಕ್ಕೆ ಬಡ್ಡಿ ವ್ಯವಹಾರವೂ ಉಂಟು. ಸಾಲ ತೀರಿಸಲಾಗದ ಥಾಮಸ್ ಡೌನ್ಸ್ ಎಂಬ ಬಡ ರೈತನನ್ನು ಆರ್ಥರ್ ಹೊಡೆಯುತ್ತಾನೆ. ಡೌನ್ಸ್ ಕೆಮ್ಮಿದಾಗ ರಕ್ತ ಇವನ ಮುಖಕ್ಕೆ ಸಿಡಿಯುತ್ತದೆ. ಹಾಗೆ ಇವನಿಗೂ ಕ್ಷಯ ಅಂಟುತ್ತದೆ.

"ಮದ್ದು ಎಲ್ಲಿ ಸಿಗುತ್ತದೆ?" ಎಂದು ಕೇಳಿದೆ.

"ಈ ರೋಗಕ್ಕೆ ಸಿಗುವುದಿಲ್ಲ" ಎಂದ ಮಗ.

ನಿಜವೇ. ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು 1882ರಲ್ಲೇ ಗುರುತಿಸಿದ್ದರೂ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ.

ನನಗೆ ಚಿಕ್ಕಪ್ಪ ನೆನಪಾದರು. ಮದ್ದಿದ್ದ ಕಾಲದಲ್ಲೇ ಅವರ ಲೋಟ, ಚಾಪೆಗಳನ್ನು ನಾವು ಬೇರೆ ಇಟ್ಟೆವು. ಗುಣವಾದ ಮೇಲೂ ಆ ಲೋಟ ಒಳಗೆ ಬರಲಿಲ್ಲ. "ಯಾವ ಪಾಪದ ಫಲವೋ" ಎಂದವರ ಮುಂದೆ ನಾನು ಸುಮ್ಮನಿದ್ದೆ. ಆದರೆ ಈ ಆಟದಲ್ಲೂ ರೋಗ ಮೊದಲು ಬಂದದ್ದು ಬಡವರಿಗಾಗಿ ಚಂದಾ ಎತ್ತುತ್ತಿದ್ದ ಡೌನ್ಸ್‌ಗೆ.

ಸಾವು ಹತ್ತಿರವಾದಾಗ ಆರ್ಥರ್ ಬಡ್ಡಿ ವ್ಯವಹಾರ ನಡೆಸುತ್ತಿದ್ದವನನ್ನು ತಂಡದಿಂದ ಹೊರದಬ್ಬುತ್ತಾನೆ. ಆಡುವವನು ಬಯಸಿದರೆ ಡೌನ್ಸ್‌ನ ವಿಧವೆಯನ್ನು ಹುಡುಕಿ ಹೋಗಿ ನೆರವಾಗುತ್ತಾನೆ. ಮನುಷ್ಯನಿಗೆ ಮಾಡಿದ ಅನ್ಯಾಯಕ್ಕೆ ಆ ಮನುಷ್ಯನಿಂದಲೇ ಕ್ಷಮೆ ಪಡೆಯಬೇಕೆಂದು ಮದ್ರಸದಲ್ಲಿ ನಾನೂ ಕಲಿತಿದ್ದೆ.

ಮಗ ಆ ವಿಧವೆಯನ್ನು ಹುಡುಕಲು ಕುದುರೆ ಓಡಿಸುತ್ತಿದ್ದ. ನಾನು ಹುಡುಕಿ ಹೋಗೋಣವೆಂದರೆ ಚಿಕ್ಕಪ್ಪ ಈಗಿಲ್ಲ.