ಒತ್ತಿಗೆ ಜಾಗ

ನಾನು ವೆಬ್ ಡಿಸೈನರ್ ಎಂದರೆ ಊರಲ್ಲಿ ಈಗಲೂ "ಅಂದ್ರೆ ಕಂಪ್ಯೂಟರ್ ರಿಪೇರಿನಾ?" ಅಂತಾರೆ. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಈಗ ಹೂಂ ಅಂದು, ಯಾರದೋ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆ ಎಳೆದುಕೊಟ್ಟು, ಕಾಫಿ ಕುಡಿದು ಬರುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ಪುಟ ಕಟ್ಟುವುದೆಂದರೆ ಟೇಬಲ್ಲಿನೊಳಗೆ ಟೇಬಲ್ಲು. ಚೂರು ಅಂತರ ಬೇಕಾದರೂ ಒಂದೇ ಪಿಕ್ಸೆಲ್ಲಿನ, ಕಣ್ಣಿಗೆ ಕಾಣದ ಜಿಫ್ ಚಿತ್ರವನ್ನು ಎಳೆದು ಉದ್ದ ಮಾಡಿ ತುರುಕಬೇಕು. ಕನ್ನಡದ್ದು ಇನ್ನೂ ಫಜೀತಿ. ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂತು. ಯುನಿಕೋಡ್ ನಮ್ಮ ಆಫೀಸಿನ ಬಾಗಿಲಿಗೆ ಬರುವಷ್ಟರಲ್ಲಿ ಮತ್ತೂ ಕೆಲವು ವರ್ಷ ಕಳೆದವು.

ಪಕ್ಕದ ಕುರ್ಚಿಯವನು ಗೆಳೆಯನಾದದ್ದು ಜಗಳದಿಂದ. ಅವನು ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸ್ ಬಂದು ಬ್ರಷ್ಷಿಗೆ ಕೆಲಸ ತಪ್ಪಿದಾಗ ಮೌಸ್ ಹಿಡಿದ. ನಾನು ಇಂಗ್ಲಿಷ್ ಪುಟದ ಅಳತೆಯನ್ನೇ ಕನ್ನಡಕ್ಕೂ ಇಟ್ಟಿದ್ದೆ: ಸಾಲಿನ ಎತ್ತರ 1.2. ಅವನು ಪರದೆಗೆ ಬೆರಳು ಒತ್ತಿ ತೋರಿಸಿದ. 'ರಾಷ್ಟ್ರ'ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತಿದ್ದವು.

"ಇಂಗ್ಲಿಷ್ ಅಕ್ಷರ ತಂತಿ ಮೇಲಿನ ಕಾಗೆ ಥರ ಕೂರುತ್ತೆ. ನಮ್ಮದು ಜಗಲಿ ಮೇಲೆ ಕೂತು ಕಾಲು ಇಳಿಬಿಡುತ್ತೆ. ಒತ್ತಿಗೆ ಜಾಗ ಬಿಡೋ."

ವಾದಿಸಿದೆ, ಸೋತೆ, 1.7 ಮಾಡಿದೆ. ಪುಟ ಉದ್ದವಾಯಿತೆಂದು ಗಿರಾಕಿ ಗೊಣಗಿದ. ನಾವು ಬಗ್ಗಲಿಲ್ಲ.

ಆಮೇಲೆ ಭಾನುವಾರಗಳು ಅವನವಾದವು. ಫ್ಲೆಕ್ಸಿಗೆ ಸೋಲದೆ ಉಳಿದ ಕೈಬರಹದ ಬೋರ್ಡುಗಳನ್ನು ಹುಡುಕಿಕೊಂಡು ಅವೆನ್ಯೂ ರಸ್ತೆ, ಚಿಕ್ಕಪೇಟೆ ಅಲೆಯುತ್ತಿದ್ದೆವು. ಫೋಟೋ ನನ್ನದು, ವ್ಯಾಖ್ಯಾನ ಅವನದು. ಬರೆದವನ ಕೈ ಅರ್ಕಾವೊತ್ತಿನ ಬಾಲದಲ್ಲಿ ಗೊತ್ತಾಗುತ್ತದಂತೆ. ಒಂದು ಬಾಗಿಲ ಮೇಲೆ 'ಸ್ಟೋರ್ಸ್' ಬರೆಯುವಾಗ ಹಲಗೆ ಮುಗಿದುಹೋಗಿ, ಅರ್ಕಾವೊತ್ತು ಗೋಡೆಗೆ ಇಳಿದಿತ್ತು. ಅದರ ಮುಂದೆ ಅವನು ನಿಂತ ಭಂಗಿ ನೋಡಿ ಹಾಲಿನವನು ದೇವರ ಪಟವೇನೋ ಎಂದು ತಲೆ ಎತ್ತಿ ನೋಡಿದ.

2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಮುಗಿಯಿತು. ನನ್ನ ಐದಾರು ವರ್ಷದ ಕೆಲಸ ಅದರೊಂದಿಗೇ ಹೋಯಿತು. ಬಡಗಿ ಮಾಡಿದ ಬಾಗಿಲಾದರೆ ಹಳೇ ಮರದ ಲೆಕ್ಕದಲ್ಲಾದರೂ ಮಾರಾಟವಾಗುತ್ತದೆ. ಫೋನ್ ಮಾಡಿ ಅತ್ತುಕೊಂಡರೆ ಅವನು ನಕ್ಕ: "ನನ್ನ ಬೋರ್ಡುಗಳಿಗೆ ಮೊದಲೇ ಸುಣ್ಣ ಹೊಡೆದಾಯ್ತಲ್ಲ, ಬಾ, ಜೊತೆಯಾಗು."

2021ರ ಮೇ ತಿಂಗಳಲ್ಲಿ ಅವನೇ ಹೋದ. ಎರಡನೇ ಅಲೆ. ಮಣ್ಣಿಗೂ ಹೋಗಲಾಗಲಿಲ್ಲ.

ಆ ಫೋಟೋಗಳಿಗೆಂದು ಅವನೊಂದು ಜಾಲತಾಣ ಕಟ್ಟಿದ್ದ. ಕಾರ್ಡಿನಲ್ಲಿ ದುಡ್ಡು ಕಟ್ಟಲು ಅವನಿಗೆ ಭಯ, ಹಾಗಾಗಿ ಹೆಸರು ನೋಂದಾಯಿಸಿದ್ದು ನಾನು. ಪ್ರತಿ ವರ್ಷ ನವೀಕರಣದ ನೆನಪೋಲೆ ಬರುತ್ತದೆ, ಕಟ್ಟುತ್ತೇನೆ. ಅವನ ಹೆಂಡತಿಗೆ ಹೇಳಿಲ್ಲ, ದುಡ್ಡು ಕೊಡಲು ಬಂದಾರು. ಕಟ್ಟಿದ ಮೇಲೆ ಒಮ್ಮೆ ತೆರೆದು ನೋಡುತ್ತೇನೆ. ಅವೆನ್ಯೂ ರಸ್ತೆಯ ಪುಟ ಪೂರ್ತಿಯಾಗಿದೆ. ಚಿಕ್ಕಪೇಟೆಯದರಲ್ಲಿ ಫೋಟೋ ಇಲ್ಲ. "ಕೆಲಸ ನಡೀತಿದೆ" ಎಂಬ ಹಳದಿ ಫಲಕ, ಪಕ್ಕದಲ್ಲಿ ತಮಾಷೆಗೆಂದು ಅವನು ಅಂಟಿಸಿದ, ಗುದ್ದಲಿ ಹಿಡಿದ ಹಳೇ ಕಾಲದ ಜಿಫ್ ಮನುಷ್ಯ. ಉಳಿದ ಫೋಟೋಗಳು ನನ್ನ ಹತ್ತಿರವೇ ಇವೆ, ಏರಿಸಲು ಅರ್ಧ ಗಂಟೆ ಸಾಕು. ಏರಿಸಿಲ್ಲ. ಆ ಮನುಷ್ಯ ಇನ್ನೂ ಅಗೆಯುತ್ತಲೇ ಇದ್ದಾನೆ.